ದಾಖಲೆ ಪೂರ್ಣ, ಪಾಠ ಅರ್ಧ: ಶಿಕ್ಷಕಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಯಸ್ಸು 38. ನಾಲ್ಕು ಮತ್ತು ಐದನೇ ತರಗತಿಗಳು ನನ್ನವು. ಪತಿ ರಾಯಚೂರು ಜಿಲ್ಲೆಯಲ್ಲಿ ಪ್ರೌಢಶಾಲಾ ಶಿಕ್ಷಕರು. ಶನಿವಾರ ರಾತ್ರಿ ಬಂದು ಭಾನುವಾರ ಸಂಜೆ ಹೊರಡುತ್ತಾರೆ. ಒಂಬತ್ತು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು. ಮಂಡಿನೋವಿರುವ ಅತ್ತೆ ಜೊತೆಗಿದ್ದಾರೆ. ನನ್ನ ದಾಖಲೆಗಳಲ್ಲಿ ಒಂದೂ ಬಾಕಿ ಇಲ್ಲ, ರಜೆಯನ್ನೂ ಹೆಚ್ಚು ಹಾಕುವವಳಲ್ಲ. ಆದರೂ ಪಾಠ ಮೊದಲಿನ ಹಾಗೆ ಆಗುತ್ತಿಲ್ಲ. ಮಕ್ಕಳ ಮೇಲೆ ಸಿಡುಕುತ್ತೇನೆ. ಮೊದಲೆಲ್ಲ ನೋಟ್‌ಬುಕ್ಕಿನಲ್ಲಿ ತಪ್ಪಿನ ಪಕ್ಕ ಎರಡು ಮಾತು ಬರೆಯುತ್ತಿದ್ದೆ, ಈಗ ಬರೀ ಗುರುತು ಹಾಕಿ ಸಹಿ ಮಾಡುತ್ತೇನೆ. ‘ಮದುವೆಯಾಗಿ ಮಕ್ಕಳಾದ ಮೇಲೆ ಹೆಂಗಸರ ಗಮನ ಮನೆಯ ಕಡೆಗೇ’ ಎಂದು ಸಹೋದ್ಯೋಗಿಯೊಬ್ಬರು ನನ್ನೆದುರೇ ಹೇಳಿದರು. ಅದು ನಿಜವೇ? ಕೆಲಸ ಬಿಟ್ಟುಬಿಡಲೇ ಎಂದು ಎಷ್ಟೋ ಸಲ ಅನ್ನಿಸುತ್ತದೆ.

ಉತ್ತರ: ನೀವು ನಡುವೆ ಬರೆದಿರುವ ನೋಟ್‌ಬುಕ್ಕಿನ ಸಾಲಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ತೊಂದರೆ ಎಲ್ಲಿದೆ ಎಂಬುದನ್ನು ಅದೊಂದೇ ಸಾಲು ಹೇಳಿಬಿಡುತ್ತದೆ.

ನಾಲ್ಕನೇ ತರಗತಿಯ ಒಂದು ಲೆಕ್ಕ ತೆಗೆದುಕೊಳ್ಳಿ. ಐವತ್ತೆರಡರಲ್ಲಿ ಮೂವತ್ತೆಂಟು ಕಳೆಯಬೇಕು. ಒಂದು ಮಗು 26 ಎಂದು ಬರೆದಿದೆ, ಇನ್ನೊಂದು 24 ಎಂದು. ಎರಡೂ ತಪ್ಪೇ. ಆದರೆ ಮೊದಲನೆಯ ಮಗುವಿಗೆ ದಶಕ ಎರವಲು ಪಡೆಯುವುದೇ ಗೊತ್ತಿಲ್ಲ. ಬಿಡಿ ಸ್ಥಾನದಲ್ಲಿ ಎರಡರಿಂದ ಎಂಟು ಹೋಗದೆಂದು ತಿರುಗಿಸಿ ಎಂಟರಿಂದ ಎರಡನ್ನು ಕಳೆದಿದೆ. ಎರಡನೆಯದು ಎರವಲು ಪಡೆದಿದೆ, ಹತ್ತರ ಸ್ಥಾನದಲ್ಲಿ ಒಂದನ್ನು ಕಡಿಮೆ ಮಾಡಲು ಮರೆತಿದೆ. ಮೊದಲನೆಯದಕ್ಕೆ ಕಡ್ಡಿಯ ಕಟ್ಟು ಬಿಚ್ಚಿ ತೋರಿಸುವ ಪಾಠ ಮತ್ತೊಮ್ಮೆ ಆಗಬೇಕು. ಎರಡನೆಯದಕ್ಕೆ ‘ಎರವಲು ಕೊಟ್ಟವನ ಹತ್ತಿರ ಎಷ್ಟು ಉಳಿಯಿತು?’ ಎಂಬ ಒಂದು ಸಾಲು ಸಾಕು. ದಣಿದ ಶಿಕ್ಷಕಿ ಎರಡಕ್ಕೂ ಒಂದೇ ಕೆಂಪು ಗುರುತು ಹಾಕುತ್ತಾರೆ. ನೋಟ್‌ಬುಕ್ ತಿದ್ದಿದಂತಾಯಿತು, ಸಹಿಯೂ ಬಿತ್ತು, ನೋಡಲು ಬರುವ ಸಿಆರ್‌ಪಿಯವರಿಗೆ (ಸುತ್ತಲಿನ ಶಾಲೆಗಳ ಮೇಲ್ವಿಚಾರಣೆಯ ಸಂಪನ್ಮೂಲ ವ್ಯಕ್ತಿಗೆ) ಯಾವ ಕೊರತೆಯೂ ಕಾಣುವುದಿಲ್ಲ. ನಾಳೆಯ ಪಾಠ ಎಲ್ಲಿಂದ ಶುರುವಾಗಬೇಕು ಎಂಬ ತಿಳಿವಳಿಕೆ ಮಾತ್ರ ಆ ಎರಡು ಪುಟಗಳಲ್ಲೇ ಉಳಿದುಹೋಯಿತು.

ಬೋಧನೆ ಸೊರಗುವ ಬಗೆ ಇದು. ಹಾಜರಾತಿ ಮೊದಲು ಕುಸಿಯುವುದಿಲ್ಲ, ಅದನ್ನು ದಿನಾ ನೋಡುವವರಿದ್ದಾರೆ. ಮಕ್ಕಳ ಮಾಹಿತಿಯ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಅಂಕ ತುಂಬುವುದು ತಪ್ಪುವುದಿಲ್ಲ, ತಪ್ಪಿದರೆ ಫೋನು ಬರುತ್ತದೆ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ದಾಸ್ತಾನು, ಯಾರಿಗೆ ಮೊಟ್ಟೆ ಯಾರಿಗೆ ಬಾಳೆಹಣ್ಣು ಎಂಬ ಪಟ್ಟಿ, ಪ್ರತಿ ಮಗುವಿನ ಕೆಲಸಗಳನ್ನು ಕೂಡಿಸಿಡುವ ಕೃತಿಸಂಪುಟ ಎಲ್ಲವೂ ನಡೆಯುತ್ತವೆ. ಯಾರೂ ನೋಡದ ಕೆಲಸ ಒಂದೇ: ಪಾಠಕ್ಕೆ ಮೊದಲಿನ ಯೋಚನೆ ಮತ್ತು ಪಾಠದ ನಂತರದ ಯೋಚನೆ. ಹೊರೆ ಹೆಚ್ಚಿದಾಗ ಮನುಷ್ಯರು ಕೇಳುವವರಿಲ್ಲದ ಕೆಲಸವನ್ನೇ ಕೈಬಿಡುತ್ತಾರೆ. ದಾಖಲೆಗಳಲ್ಲಿ ಒಂದೂ ಬಾಕಿ ಇಲ್ಲವೆಂದು ನೀವು ಬರೆದಿದ್ದೀರಿ, ನನಗೆ ಅದೇ ರೋಗಲಕ್ಷಣದಂತೆ ಕಂಡಿತು.

ಈಗ ಮನೆಯ ಕಡೆ ನೋಡೋಣ. ಅಲ್ಲಿಯೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕೆಲಸವೊಂದಿದೆ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಅದನ್ನು ನಿಮಿಷಗಳಲ್ಲಿ ಅಳೆದಿದೆ. ಮನೆಗೆಲಸ ಮಾಡುವ ಹೆಂಗಸರು 2019ರಲ್ಲಿ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದು 289ಕ್ಕೆ ಇಳಿಯಿತು. ಗಂಡಸರದೂ ಇಳಿದು 88 ಆಯಿತು! ಮಕ್ಕಳ ಮತ್ತು ಹಿರಿಯರ ಆರೈಕೆಯ ಸಮಯ ಇದರಲ್ಲಿ ಸೇರಿಲ್ಲ, ಅದಕ್ಕೆ ಬೇರೆ ಲೆಕ್ಕವಿದೆ. ನಿಮ್ಮ ಮನೆಯಲ್ಲಂತೂ ವಾರದ ಆರು ದಿನ ಆ 88 ನಿಮಿಷವೂ ಇಲ್ಲ.

ಶಿಕ್ಷಕ ವೃತ್ತಿಯ ಪೇಚು ಇರುವುದು ಇಲ್ಲೇ. ಬ್ಯಾಂಕಿನ ಗುಮಾಸ್ತೆ ಸಂಜೆ ಕೌಂಟರ್ ಮುಚ್ಚಿ ಬಂದರೆ ಕೆಲಸ ಅಲ್ಲಿಗೆ ಮುಗಿಯುತ್ತದೆ. ಶಿಕ್ಷಕಿಯ ಕೆಲಸದ ಅತ್ಯಂತ ಮುಖ್ಯ ಭಾಗ, ಅಂದರೆ ತಯಾರಿ, ಚೀಲದಲ್ಲಿ ಕೂತು ಮನೆಗೆ ಬರುತ್ತದೆ. ಅದಕ್ಕೆ ಸಿಗುವ ಹೊತ್ತು ಸಂಜೆ ಆರರಿಂದ ಒಂಬತ್ತು. ಒಲೆ ಹೊತ್ತುವುದು, ನಾಲ್ಕು ವರ್ಷದ ಮಗು ಮಡಿಲು ಕೇಳುವುದು, ದೊಡ್ಡವನ ಮನೆಪಾಠ, ಅತ್ತೆಯವರ ಮಾತ್ರೆ, ಎಲ್ಲವೂ ಅದೇ ಮೂರು ಗಂಟೆಯೊಳಗೆ. ಲೆಕ್ಕಕ್ಕೆ ಬಾರದ ಎರಡು ಕೆಲಸಗಳು ಒಂದೇ ಹೊತ್ತಿಗಾಗಿ ಕಚ್ಚಾಡುತ್ತವೆ. ಹಸಿದ ಮಗು ಅಳುತ್ತದೆ, ನಾಳೆಯ ಪಾಠ ಅಳುವುದಿಲ್ಲ. ಹಾಗಾಗಿ ಸೋಲುವುದು ಪ್ರತಿದಿನ ಪಾಠವೇ.

ಕಾನೂನು ಈ ತಯಾರಿಯನ್ನು ಕೆಲಸವೆಂದೇ ಎಣಿಸಿದೆ ಎಂಬುದು ಶಿಕ್ಷಕರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಕೆಲಸವೆಂದು ಹೇಳಿದೆ, ತಯಾರಿಯ ಅವಧಿಯೂ ಸೇರಿ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಬೋಧನಾ ಗಂಟೆ ಎಂದಿದೆ. ಭಾಗಿಸಿ ನೋಡಿ, ದಿನಕ್ಕೆ ನಾಲ್ಕು ಗಂಟೆ ಬೋಧನೆ. ಕನಿಷ್ಠದ ಲೆಕ್ಕವೇ ಆದರೂ, ಉಳಿದ ಹೊತ್ತಿನಲ್ಲಿ ತಯಾರಿಗೂ ಒಂದು ಜಾಗ ಇರಲೇಬೇಕೆಂದು ಕಾಯ್ದೆ ಬರೆದವರ ಮನಸ್ಸಿನಲ್ಲಿತ್ತು. ಎರಡು ತರಗತಿಯನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ ಆ ಹೊತ್ತು ಎಲ್ಲಿ ಹೋಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅದೇ ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಿಷ್ಟಕ್ಕೆ ವಿನಾಯಿತಿ. ಮತದಾರರ ಪಟ್ಟಿಯ ಕೆಲಸವನ್ನು ಶಿಕ್ಷಕರಿಗೆ ಕೊಡುವುದಾದರೆ ರಜಾದಿನಗಳಲ್ಲಿ, ಬೋಧನೆ ಇಲ್ಲದ ವೇಳೆಯಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು. ಮಕ್ಕಳ ಪಾಠದ ಹೊತ್ತನ್ನು ಕಾಪಾಡಿದ ಒಳ್ಳೆಯ ತೀರ್ಪು ಅದು. ಆದರೆ ಆ ರಜಾದಿನ ಯಾರ ಮನೆಯದು ಎಂದು ಕೇಳಿದರೆ ಉತ್ತರ ನಿಮ್ಮ ಅಡುಗೆಮನೆಯಲ್ಲಿದೆ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲೂ ಹೀಗೇ ಆಯಿತು. ಶಿಕ್ಷಕರು ಗಣತಿ ಮುಗಿಸಲೆಂದು ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ರಜೆ ಸಿಕ್ಕಿದ್ದು ಮಕ್ಕಳಿಗೆ. ಟೀಚರುಗಳು ಮೊಬೈಲ್ ಹಿಡಿದು ಮನೆ ಮನೆ ಸುತ್ತಿದರು, ಅವರ ಸ್ವಂತ ಮಕ್ಕಳು ಮನೆಯಲ್ಲಿದ್ದರು. ‘ಶಿಕ್ಷಕರಿಗೇನು, ವರ್ಷದಲ್ಲಿ ಎರಡು ದೊಡ್ಡ ರಜೆ’ ಎನ್ನುವವರಿಗೆ ಇದನ್ನು ನೆನಪಿಸಬೇಕು. ಆ ರಜೆಗಳ ಹೆಸರಿನಲ್ಲಿಯೇ ನಿಮಗೆ ಗಳಿಕೆ ರಜೆ ಬೇರೆ ನೌಕರರಿಗಿಂತ ಕಡಿಮೆ ಸಿಗುವುದು.

ಇನ್ನು ನಿಮ್ಮ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಅದು ಅರ್ಧ ಸತ್ಯವೂ ಅಲ್ಲ. ಕೆಲಸ ಮತ್ತು ಸಂಸಾರದ ತಿಕ್ಕಾಟವನ್ನು ಗ್ರೀನ್‌ಹೌಸ್ ಮತ್ತು ಬ್ಯೂಟೆಲ್ ಎಂಬ ಸಂಶೋಧಕರು 1985ರಲ್ಲಿ ಮೂರು ಬಗೆಯಾಗಿ ಬಿಡಿಸಿದರು, ಇವತ್ತಿಗೂ ಆ ವಿಂಗಡಣೆ ಉಪಯೋಗಕ್ಕೆ ಬರುತ್ತದೆ. ಸಮಯದ ತಿಕ್ಕಾಟ ಒಂದು: ಒಂದೇ ಗಂಟೆಯನ್ನು ಎರಡು ಕಡೆ ಕೇಳುವುದು. ಎರಡನೆಯದು ದಣಿವಿನದು: ಒಂದು ಕಡೆಯ ಆಯಾಸ, ಚಿಂತೆ ಇನ್ನೊಂದು ಕಡೆ ಸೋರುವುದು. ನಿಮ್ಮ ಸಿಡುಕು ಇದರ ಫಲ. ಮೂರನೆಯದು ನಡವಳಿಕೆಯದು: ನಲವತ್ತು ಮಕ್ಕಳನ್ನು ಹತೋಟಿಯಲ್ಲಿಡುವ ಗಡಸು ದನಿ ಮನೆಯಲ್ಲೂ ಹೊರಡುವುದು. (‘ಅಮ್ಮಾ, ಇದು ಸ್ಕೂಲಲ್ಲ’ ಎಂದು ಮಕ್ಕಳಿಂದ ಹೇಳಿಸಿಕೊಳ್ಳದ ಶಿಕ್ಷಕಿಯನ್ನು ನಾನು ಕಂಡಿಲ್ಲ.) ಈ ಮೂರರಲ್ಲಿ ಎಲ್ಲಿಯೂ ಮದುವೆಯೇ ಕಾರಣವೆಂದಿಲ್ಲ. ಹೊರೆ ಹಂಚದಿರುವುದು ಕಾರಣ. ಮದುವೆಯಾದ ಗಂಡು ಶಿಕ್ಷಕರ ಬಗ್ಗೆ ‘ಇವರ ಗಮನ ಮನೆಯ ಕಡೆಗೇ’ ಎಂಬ ದೂರು ಬರುವುದಿಲ್ಲವಲ್ಲ, ಏಕೆ? ಅವರ ಮನೆಯನ್ನು ಇನ್ನೊಬ್ಬರು ನೋಡಿಕೊಳ್ಳುತ್ತಿರುತ್ತಾರೆ. ಆ ಇನ್ನೊಬ್ಬರು ಎಷ್ಟೋ ಸಲ ಸ್ವತಃ ಶಿಕ್ಷಕಿಯೇ ಆಗಿರುತ್ತಾರೆ. ದೇಶದ ಶಾಲಾ ಶಿಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗ ಹೆಂಗಸರು.

ಗ್ರೀನ್‌ಹೌಸ್ ಅವರೇ 2006ರಲ್ಲಿ ಪವೆಲ್ ಎಂಬವರ ಜೊತೆ ಸೇರಿ ಇದರ ಇನ್ನೊಂದು ಮುಖವನ್ನೂ ಬರೆದರು: ಒಂದು ಪಾತ್ರದಲ್ಲಿ ಗಳಿಸಿದ್ದು ಇನ್ನೊಂದನ್ನು ಶ್ರೀಮಂತಗೊಳಿಸಬಹುದು. ಸ್ವಂತ ಮಗುವಿಗೆ ಅಕ್ಷರ ಕಲಿಸುವಾಗ ಅದು ಎಲ್ಲಿ ತಡವರಿಸುತ್ತದೆಂದು ಕಂಡ ತಾಯಿ ಒಂದನೇ ತರಗತಿಯ ಮಗುವನ್ನು ಬೇರೆ ಕಣ್ಣಿನಿಂದ ನೋಡುತ್ತಾಳೆ. ಆದರೆ ಈ ಲಾಭ ಕೈಗೆ ಬರಬೇಕಾದರೆ ಕೂತು ಯೋಚಿಸಲು ಒಂದಿಷ್ಟು ಹೊತ್ತು ಉಳಿದಿರಬೇಕು. ಮತ್ತೆ ಅಲ್ಲಿಗೇ ಬಂದೆವು.

ಹಾಗಾದರೆ ಏನು ಮಾಡಬೇಕು? ಬೆಳಿಗ್ಗೆ ನಾಲ್ಕಕ್ಕೆ ಏಳಿ, ವೇಳಾಪಟ್ಟಿ ಹಾಕಿಕೊಳ್ಳಿ, ಧ್ಯಾನ ಮಾಡಿ ಎಂಬ ಸಲಹೆಗಳನ್ನು ನಾನು ಕೊಡುವುದಿಲ್ಲ. ತುಂಬಿದ ಬಿಂದಿಗೆಯನ್ನು ಹೇಗೆ ಹಿಡಿದರೂ ಭಾರ ಅಷ್ಟೇ ಇರುತ್ತದೆ, ಸ್ವಲ್ಪ ನೀರು ಬೇರೆಯವರ ಕೊಡಕ್ಕೆ ಹೋಗಬೇಕು.

ಮೊದಲನೆಯ ಬದಲಾವಣೆ ಜಾಗದ್ದು. ತಯಾರಿಯನ್ನು ಮನೆಯಿಂದ ಹೊರಗೆ ಹಾಕಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಮಿಕ್ಕ ದಿನ ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ತರಗತಿಯಲ್ಲೇ ಕೂತು ಮುಗಿಸಿ. ಬಸ್ಸು ಒಂದು ತಪ್ಪಿದರೂ ಮುಂದಿನದರಲ್ಲಿ ಹೋಗಿ. ಮನೆಗೆ ತಡವಾಗಿ ಹೋಗುವುದಕ್ಕೆ ಅಂಜಿಕೆಯಾಗುತ್ತದೆ, ಗೊತ್ತು. ‘ಶಾಲೆ ನಾಲ್ಕೂವರೆಗೇ ಬಿಡುತ್ತದಲ್ಲ’ ಎಂಬ ಪ್ರಶ್ನೆ ಬರುತ್ತದೆ. ನನ್ನ ಕೆಲಸ ಮುಗಿಯುವುದು ಐದಕ್ಕೆ ಎಂದು ಒಂದೇ ಸಲ, ಸಮಾಧಾನವಾಗಿ, ಎಲ್ಲರೂ ಕೂತಿರುವಾಗ ಹೇಳಿ. ಆಮೇಲೆ ದಿನಾ ಕಾರಣ ಕೊಡುವ ಗೋಜಿಗೆ ಹೋಗಬೇಡಿ. ಕೆಲಸದಿಂದ ಮನಸ್ಸನ್ನು ಪೂರ್ತಿ ಬಿಡಿಸಿಕೊಳ್ಳುವ ಹೊತ್ತು ದಿನದಲ್ಲಿ ಸಿಗದಿದ್ದರೆ ಮರುದಿನದ ಚೈತನ್ಯ ತುಂಬಿಕೊಳ್ಳುವುದಿಲ್ಲ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಸಬೀನೆ ಸೋನೆನ್‌ಟಾಗ್ ಮತ್ತು ಅವರ ಜೊತೆಗಾರರು ಹಲವು ಅಧ್ಯಯನಗಳಲ್ಲಿ ತೋರಿಸಿದ್ದಾರೆ. ನೋಟ್‌ಬುಕ್ಕುಗಳ ಕಟ್ಟು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದರೆ ನೀವು ಮುಟ್ಟದಿದ್ದರೂ ಅದು ಕೆಲಸವೇ. ಶಾಲೆಯ ವಾಟ್ಸ್‌ಆ್ಯಪ್ ಗುಂಪೂ ಅಷ್ಟೇ. ರಾತ್ರಿ ಒಂಬತ್ತಕ್ಕೆ ‘ತುರ್ತು ಮಾಹಿತಿ’ ಕೇಳುವ ಸಂದೇಶಕ್ಕೆ ಬೆಳಿಗ್ಗೆ ಎಂಟಕ್ಕೆ ಉತ್ತರ ಕೊಟ್ಟರೆ ಆಕಾಶ ಬೀಳುವುದು ಬಹಳ ಕಡಿಮೆ.

ನೋಟ್‌ಬುಕ್ಕು ತಿದ್ದುವ ವಿಧಾನವನ್ನೂ ಬದಲಿಸಿ. ಮೂವತ್ತೈದು ಪುಸ್ತಕಕ್ಕೆ ತಲಾ ಎರಡು ನಿಮಿಷವೆಂದರೂ ಎಪ್ಪತ್ತು ನಿಮಿಷ, ಅದೂ ಒಂದೇ ವಿಷಯಕ್ಕೆ. ಮಕ್ಕಳು ಲೆಕ್ಕ ಮಾಡುತ್ತಿರುವಾಗಲೇ ಸಾಲುಗಳ ನಡುವೆ ಓಡಾಡಿ ಸರಿಯಾದವಕ್ಕೆ ಅಲ್ಲೇ ಗುರುತು ಹಾಕಿಬಿಡಿ. ತಪ್ಪಿದವರ ಪುಸ್ತಕಗಳನ್ನಷ್ಟೇ ಮೇಜಿಗೆ ತರಿಸಿ, ತಪ್ಪಿನ ಬಗೆ ನೋಡಿ ಬೇರೆ ಬೇರೆ ಗುಂಪು ಮಾಡಿ. 26 ಬರೆದವರದು ಒಂದು, 24 ಬರೆದವರದು ಇನ್ನೊಂದು. ಪ್ರತಿ ಪುಸ್ತಕದಲ್ಲಿ ಬರೆಯುವ ಬದಲು ಮರುದಿನದ ಮೊದಲ ಹತ್ತು ನಿಮಿಷ ಆ ಗುಂಪುಗಳಿಗೆ ಕೊಡಿ. ಉಳಿದವರಿಗೆ ಅಷ್ಟರಲ್ಲಿ ಒಂದು ಅಭ್ಯಾಸ. ಕೆಳಗಿನ ತರಗತಿಗಳಲ್ಲಿ ಮಕ್ಕಳನ್ನು ಗುಂಪು ಮಾಡಿ ಕಲಿಸುವ ನಲಿ-ಕಲಿಯಲ್ಲಿ ಕಲಿಸಿ ಬಂದವರಿಗೆ ಗುಂಪಿನ ಲೆಕ್ಕಾಚಾರ ಹೊಸದಲ್ಲ. ನೀವು ಕಳೆದುಕೊಂಡೆನೆಂದು ಕೊರಗುತ್ತಿರುವ ‘ಎರಡು ಮಾತು’ ಮತ್ತೆ ಬರುತ್ತದೆ, ಬರವಣಿಗೆಯಲ್ಲಿ ಅಲ್ಲ, ಮಾತಿನಲ್ಲೇ.

ಮುಖ್ಯ ಶಿಕ್ಷಕರ ಹತ್ತಿರ ‘ನನಗೆ ಕಷ್ಟವಾಗುತ್ತಿದೆ’ ಎಂದು ಹೇಳಬೇಡಿ. ಎಲ್ಲರಿಗೂ ಕಷ್ಟವೇ ಎಂಬ ಉತ್ತರ ಸಿದ್ಧವಿರುತ್ತದೆ. ಹಾಳೆಯೊಂದರಲ್ಲಿ ಒಂದು ವಾರ ನೀವು ಮಾಡಿದ ಪಾಠವಲ್ಲದ ಕೆಲಸಗಳನ್ನು ಬರೆದುಕೊಂಡು ಹೋಗಿ. ಯಾವ ಕೆಲಸ, ಯಾವ ಅವಧಿಯಲ್ಲಿ, ಎಷ್ಟು ಹೊತ್ತು. ಬಿಸಿಯೂಟದ ದಾಖಲೆ ಒಬ್ಬರಿಗೆ, ಆನ್‌ಲೈನ್ ದಾಖಲಾತಿ ಇನ್ನೊಬ್ಬರಿಗೆ ಎಂದು ತಿಂಗಳಿಗೊಮ್ಮೆ ಸರದಿ ಹಾಕಲು ಕೇಳಿ. ಮೊಬೈಲಿನಲ್ಲಿ ಚುರುಕೆಂಬ ಕಾರಣಕ್ಕೆ ಇಡೀ ಶಾಲೆಯ ಮಾಹಿತಿಯನ್ನು ಒಬ್ಬರೇ ತುಂಬುತ್ತಿರುವುದು ಅನೇಕ ಕಡೆ ನಡೆಯುತ್ತದೆ. ಆ ಒಬ್ಬರು ನೀವೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಮನೆಯಲ್ಲಿ ಇನ್ನೊಂದು ಮಾತು. ಸಹಾಯ ಕೇಳಬೇಡಿ, ಕೆಲಸವನ್ನೇ ಪೂರ್ತಿ ವಹಿಸಿಕೊಡಿ. ಭಾನುವಾರ ತರಕಾರಿ ಹೆಚ್ಚಿಕೊಡುವ ಪತಿ ಸಹಾಯ ಮಾಡಿದಂತಾಯಿತೇ ಹೊರತು ವಾರದ ತರಕಾರಿ ಏನು ಬೇಕು, ಯಾವುದು ಮುಗಿದಿದೆ ಎಂಬ ಯೋಚನೆ ನಿಮ್ಮ ತಲೆಯಲ್ಲೇ ಉಳಿಯಿತು. ದೂರದಲ್ಲಿದ್ದೂ ಅವರು ಹೊರಬಹುದಾದ ಕೆಲಸಗಳಿವೆ. ದೊಡ್ಡ ಮಗನ ಮನೆಪಾಠವನ್ನು ದಿನಾ ರಾತ್ರಿ ಏಳೂವರೆಗೆ ವಿಡಿಯೊ ಕರೆಯಲ್ಲಿ ಮಾಡಿಸುವುದು ಅವರದಾಗಲಿ, ಅವರೂ ಮೇಷ್ಟ್ರೇ ತಾನೇ. ದಿನಸಿ ತರಿಸುವುದು, ವಿದ್ಯುತ್ ಬಿಲ್ಲು, ಮಕ್ಕಳ ಶುಲ್ಕ, ಅಮ್ಮನ ವೈದ್ಯರ ದಿನಾಂಕ ಅವರ ಜವಾಬ್ದಾರಿ. ಅವರು ಮರೆತರೆ ನೀವು ನೆನಪಿಸದಿರುವುದು ಇದರಲ್ಲಿ ಅತ್ಯಂತ ಕಷ್ಟದ ಭಾಗ. ಒಂದೆರಡು ಸಲ ಸಕ್ಕರೆ ಮುಗಿದೇ ಹೋಗಲಿ.

ಅತ್ತೆಯವರನ್ನು ನೀವು ಹೊರೆಯ ಪಟ್ಟಿಯಲ್ಲಿ ಸೇರಿಸಿದ್ದೀರಿ. ಮಂಡಿನೋವಿದ್ದರೂ ಕೂತು ಮಾಡಬಹುದಾದ ಕೆಲಸಗಳಿವೆ: ಚಿಕ್ಕವನಿಗೆ ಊಟ ಮಾಡಿಸುವುದು, ಕಥೆ ಹೇಳುವುದು, ಸೊಪ್ಪು ಬಿಡಿಸುವುದು. ಆದೇಶದಂತೆ ಹೇಳಿದರೆ ಮುನಿಸು ಬರುತ್ತದೆ. ‘ಅತ್ತೆ, ಇದು ನಿಮ್ಮ ಕೈಯಲ್ಲಿದ್ದರೆ ನನಗೆ ಚಿಂತೆ ಇರುವುದಿಲ್ಲ’ ಎಂದು ಹೇಳಿ, ಆಮೇಲೆ ನಿಜವಾಗಿಯೂ ಅವರ ಕೈಗೇ ಬಿಡಿ. ಮೆಂತ್ಯ ಸೊಪ್ಪಿನಲ್ಲಿ ನಾಲ್ಕು ಕಡ್ಡಿ ಉಳಿದರೆ ಉಳಿಯಲಿ. ಪಾತ್ರೆ ತೊಳೆಯಲು ಒಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ಇಬ್ಬರ ಸಂಬಳಕ್ಕಿದೆ. ಸರಿಯಾದ ಕೂಲಿ ಕೊಟ್ಟು ಇಟ್ಟುಕೊಳ್ಳಿ, ಅದಕ್ಕೆ ತಪ್ಪಿತಸ್ಥ ಭಾವನೆ ಬೇಡ.

ದೊಡ್ಡ ಪರಿಹಾರ ಮಾತ್ರ ವರ್ಗಾವಣೆಯಲ್ಲೇ ಇದೆ. ನಿಮ್ಮ ಪತಿ ಕಲ್ಯಾಣ ಕರ್ನಾಟಕದ ಹುದ್ದೆಯಲ್ಲಿರುವುದರಿಂದ, ಅಲ್ಲಿ ಸಂವಿಧಾನದ 371ಜೆ ವಿಧಿಯ (ಆ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ವಿಧಿ) ಅಡಿ ನೌಕರರ ಪ್ರತ್ಯೇಕ ವೃಂದವಿರುವುದರಿಂದ, ದಾರಿ ಸರಳವಲ್ಲ. ಪ್ರಾಥಮಿಕ ಶಿಕ್ಷಕರ ಜ್ಯೇಷ್ಠತೆ ಜಿಲ್ಲೆಯದು, ಪ್ರೌಢಶಾಲೆಯವರದು ವಿಭಾಗದ್ದು. ಘಟಕ ಬಿಟ್ಟು ಹೊರಗೆ ಹೋದರೆ ಜ್ಯೇಷ್ಠತೆಯಲ್ಲಿ ನಷ್ಟವಿದೆ. ಹೀಗಿದ್ದರೂ ಪತಿ-ಪತ್ನಿ ಪ್ರಕರಣವೆಂದು ಕೋರಿಕೆ ವರ್ಗಾವಣೆಗೆ ಅರ್ಜಿ ಹಾಕುವುದು, ಪರಸ್ಪರ ವರ್ಗಾವಣೆಗೆ ಜೊತೆ ಹುಡುಕುವುದು ಎರಡನ್ನೂ ಬಿಡಬೇಡಿ. ಜ್ಯೇಷ್ಠತೆ ಹೋದರೆ ಬಡ್ತಿ ತಡವಾಗಬಹುದು. ಚಿಕ್ಕವನಿಗೆ ನಾಲ್ಕು ವರ್ಷ ಇರುವಾಗ ಅಪ್ಪ ಮನೆಯಲ್ಲಿರುವುದಕ್ಕೆ ಆ ಬೆಲೆ ಹೆಚ್ಚೇ ಎಂಬುದನ್ನು ನೀವಿಬ್ಬರೇ ಕೂತು ತೂಗಬೇಕು. ನನ್ನನ್ನು ಕೇಳಿದರೆ ಹೆಚ್ಚಲ್ಲ. ಇನ್ನೊಂದು ಸಾಧ್ಯತೆಯನ್ನೂ ಲೆಕ್ಕಕ್ಕೆ ತನ್ನಿ: ಅವರ ಜಿಲ್ಲೆಗೆ ನೀವು ಹೋಗುವುದು. ಸೊಸೆಯೇ ಹೋಗಬೇಕೆಂಬ ರೂಢಿಯಿಂದ ಹೇಳುತ್ತಿಲ್ಲ, ಎರಡು ಅರ್ಜಿಗಳಲ್ಲಿ ಯಾವುದು ಬೇಗ ಫಲಿಸುತ್ತದೋ ನೋಡಬೇಕು.

ಆರೋಗ್ಯದ ಬಗ್ಗೆ ನೀವು ಏನೂ ಬರೆದಿಲ್ಲ, ಅದೇ ನನಗೆ ಅನುಮಾನ ತಂದಿದೆ. ಸಿಡುಕು, ಮರೆವು, ಎದ್ದಾಗಲೇ ಆಯಾಸ ಇವು ರಕ್ತಹೀನತೆಯಲ್ಲೂ ಥೈರಾಯ್ಡ್ ತೊಂದರೆಯಲ್ಲೂ ಬರುತ್ತವೆ. ಈ ವಾರವೇ ಹಿಮೋಗ್ಲೋಬಿನ್ ಮತ್ತು ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಅವು ಸರಿಯಿದ್ದು ನಿದ್ದೆ ಕೆಟ್ಟಿದ್ದರೆ, ಮೊದಲು ಖುಷಿ ಕೊಡುತ್ತಿದ್ದುದು ಯಾವುದೂ ರುಚಿಸದಿದ್ದರೆ, ಅಳು ತಾನಾಗಿ ಬರುತ್ತಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೋಗಲು ಹಿಂಜರಿಕೆಯಾದರೆ 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ವೃತ್ತಿಯ ಬಳಲಿಕೆ ಅತಿಯಾದಾಗ ಮಕ್ಕಳು ಮಕ್ಕಳಾಗಿ ಕಾಣದೆ ಬರೀ ಕ್ರಮಸಂಖ್ಯೆಗಳಾಗಿ ಕಾಣತೊಡಗುತ್ತಾರೆ. ಸಿಡುಕಿದ್ದಕ್ಕೆ ನೀವು ನೊಂದುಕೊಂಡು ಬರೆದಿದ್ದೀರಿ ಎಂದರೆ ಆ ಹಂತಕ್ಕೆ ಇನ್ನೂ ಹೋಗಿಲ್ಲ.

ರಾಜೀನಾಮೆಯ ವಿಷಯ. ಬೇಡ, ಕನಿಷ್ಠ ಈ ಶೈಕ್ಷಣಿಕ ವರ್ಷದಲ್ಲಿ ಬೇಡ. ಒಮ್ಮೆ ಬಿಟ್ಟರೆ ಇಷ್ಟು ವರ್ಷದ ಸೇವೆ ಹೋಗುತ್ತದೆ, ಮತ್ತೆ ಬರಬೇಕೆಂದರೆ ನೇಮಕಾತಿ ಪರೀಕ್ಷೆಯಿಂದಲೇ ಶುರು. ಅದಕ್ಕೆ ಮೊದಲು ಬಳಸಬಹುದಾದದ್ದು ಶಿಶುಪಾಲನಾ ರಜೆ. ರಾಜ್ಯ ಸರ್ಕಾರ 2021ರಲ್ಲಿ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 180 ದಿನಗಳವರೆಗೆ ಇದನ್ನು ಕೊಟ್ಟಿದೆ. ಒಂದೇ ಸಲ ಮುಗಿಸಬೇಡಿ, ಮಕ್ಕಳು ಹದಿಹರೆಯಕ್ಕೆ ಬಂದಾಗಲೂ ಬೇಕಾಗುತ್ತದೆ. ಹಕ್ಕೆಂದು ಕೇಳುವಂತಿಲ್ಲ, ಮಂಜೂರಾಗಬೇಕು. ಹಾಗಾಗಿ ಪರೀಕ್ಷೆಯ ಹೊತ್ತಿಗೆ ಹಾಕದೆ, ನಿಮ್ಮ ತರಗತಿಗಳನ್ನು ಯಾರು ನೋಡಿಕೊಳ್ಳುತ್ತಾರೆಂದು ಮುಖ್ಯ ಶಿಕ್ಷಕರೊಂದಿಗೆ ಮೊದಲೇ ಮಾತಾಡಿಕೊಂಡು, ಅವರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ಮಕ್ಕಳ ಜನನ ಪ್ರಮಾಣಪತ್ರದ ಪ್ರತಿಗಳನ್ನು ಅರ್ಜಿಯ ಜೊತೆಗೇ ಲಗತ್ತಿಸಿ, ಇಲ್ಲದಿದ್ದರೆ ಕಡತ ಅದೊಂದು ಕಾಗದಕ್ಕಾಗಿ ವಾಪಸ್ಸು ಬರುತ್ತದೆ.